ಮೇಯಲು ಹೋದ ಕೊಟ್ಟಿಗೆ

ಸರ್ಕಾರಿ ನಮೂನೆಯಲ್ಲಿ ಕಾಲಂ ಇಲ್ಲದ ವಸ್ತು ಭೂಮಿಯ ಮೇಲೆ ಇರತಕ್ಕದ್ದಲ್ಲ. ಕುಪ್ಪಗಡ್ಡೆಯಲ್ಲಿ ಇದನ್ನು ಇದುವರೆಗೆ ಯಾರೂ ಪ್ರಶ್ನಿಸಿಲ್ಲ. ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು ಗುತ್ಯಪ್ಪನವರೂ ಪ್ರಶ್ನಿಸಲಿಲ್ಲ. ಅವರು ಪಾಪ, ಗದ್ದೆ ಪಕ್ಕದ ಕಣದಲ್ಲಿ ಆರು ವರ್ಷ ಕೂತು ಒಂದು ವಿಮಾನ ಕಟ್ಟಿದರು, ಅಷ್ಟೆ.

ಕಟ್ಟುವಷ್ಟು ಕಾಲ, ಹಿಂದೆ ಕಲಿತು ಲೈಸೆನ್ಸ್ ಪಡೆದಿದ್ದ ಹಾರುವ ವಿದ್ಯೆ ಕೈಬಿಟ್ಟು ಹೋಗಬಾರದಲ್ಲ? ದಿನಾ ಬೆಳಿಗ್ಗೆ ಅಡುಗೆಮನೆಯ ಮಣೆ ಮೇಲೆ ಕೂತು, ಮೊಣಕಾಲ ನಡುವೆ ಚುಕ್ಕಾಣಿಯಂತೆ ಸೌಟು ಹಿಡಿದು ಕೂತಲ್ಲೇ ಹಾರುತ್ತಿದ್ದರು. ಹೆಂಡತಿ ಲೋಕಮ್ಮ ದೋಸೆ ಹುಯ್ಯುತ್ತಲೇ ವಿಮಾನ ನಿಲ್ದಾಣದ ಅಪ್ಪಣೆ ಕೊಡುತ್ತಿದ್ದರು: "ಈಗಲೇ ಇಳೀಬ್ಯಾಡಿ ರೀ, ಎಮ್ಮೆ ಅಡ್ಡ ಬಂದಿದೆ. ಇನ್ನೊಂದು ಸುತ್ತು ಹೊಡ್ಕೊಂಡು ಬನ್ನಿ, ದೋಸೆ ಬೆಂದಿಲ್ಲ."

ಲೈಸೆನ್ಸಿನವರು ಸೌಟನ್ನು ಒಪ್ಪಲಿಲ್ಲ. ತಿಂಗಳ ಕೊನೆಯೊಳಗೆ ಮೂರು ಸಲ ಹಾರಿ ಇಳಿದದ್ದಕ್ಕೆ ಸಾಕ್ಷಿ ಬೇಕು. ತಪ್ಪಿದರೆ ಲೈಸೆನ್ಸ್ ರದ್ದು. ಅರವತ್ತೆಂಟರ ಮೇಷ್ಟ್ರಿಗೆ ಇನ್ನೊಂದು ಯಾರು ಕೊಡುತ್ತಾರೆ?

ಅಷ್ಟರಲ್ಲಿ ಗ್ರಾಮಲೆಕ್ಕಿಗ ವಸಂತ ಆಸ್ತಿ ಎಣಿಕೆಯ ನಮೂನೆ ಹಿಡಿದು ವಿಮಾನದ ಹತ್ತಿರ ಬಂದ. ಮನೆ, ಬಾವಿ, ಕೊಟ್ಟಿಗೆ, ಮೂರೇ ಕಾಲಂ.

"ಒಳಗೆ ಒಲೆ ಇದೆಯಾ ಸಾರ್?"

"ಇಲ್ಲಪ್ಪಾ."

"ನೀರು?"

"ಬರಬಾರದು."

"ಹಂಗಾರೆ ಕೊಟ್ಟಿಗೆ. ಬಾಲ ಬೇರೆ ಇದೆ," ಎಂದು ವಸಂತ ಬರೆದುಕೊಂಡ.

ಮೇಷ್ಟ್ರು ಎರಡು ಸಲ ಹಾರಿ ಇಳಿದರು. ಊರವರು ಸಾಕ್ಷಿ ಸಹಿ ಹಾಕಿದರು. ಎರಡನೆಯ ಸಲ ಹಾರಿದ್ದಾಗಲೇ ವಸಂತ ಕೊಟ್ಟಿಗೆಯ ಫೋಟೋಕ್ಕೆ ಬಂದಿದ್ದ. ನೋಟೀಸು ಬಂತು: "ಸದರಿ ಕೊಟ್ಟಿಗೆಯು ಇಪ್ಪತ್ತೆರಡು ನಿಮಿಷಗಳ ಕಾಲ ತನ್ನ ಚಕ್ಕುಬಂದಿಯೊಳಗೆ ಕಂಡುಬಂದಿರುವುದಿಲ್ಲ. ಸ್ಥಿರಾಸ್ತಿಯು ಚಲಿಸಿದ್ದೇಕೆ? ಸಮಜಾಯಿಷಿ ನೀಡದಿದ್ದಲ್ಲಿ ಕೆಡವಲಾಗುವುದು."

ತಹಸೀಲ್ದಾರ್ ಸಾಹೇಬರ ವಿಚಾರಣೆಯಲ್ಲಿ ಮೇಷ್ಟ್ರು ಗುರುತ್ವಾಕರ್ಷಣೆಯಿಂದ ಶುರು ಮಾಡಿದರು. ಲೋಕಮ್ಮ ಮೊಣಕೈಯಲ್ಲಿ ತಿವಿದು ಸುಮ್ಮನಾಗಿಸಿದರು.

"ಸಾಹೇಬ್ರೇ, ದನ ಮೇಯೋಕೆ ಹೋದರೆ ನೋಟೀಸು ಕೊಡ್ತೀರಾ?"

"ಇಲ್ಲಮ್ಮ."

"ಇದರಲ್ಲಿ ದನ ಇಲ್ಲ. ಅದಕ್ಕೇ ಕೊಟ್ಟಿಗೆನೇ ಹೋಗಿತ್ತು."

ಸಾಹೇಬರು ನಿಯಮಾವಳಿಯನ್ನು ಎರಡು ಸಲ ತಿರುವಿದರು. ಕೊಟ್ಟಿಗೆ ಮೇಯಬಾರದೆಂದು ಎಲ್ಲೂ ಇರಲಿಲ್ಲ. ಆದೇಶವಾಯಿತು: "ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮೇಯಬಹುದು. ಕೊರಳಿಗೆ ಗಂಟೆ ಕಡ್ಡಾಯ." ಕೊಟ್ಟಿಗೆ ಅತ್ತ ಬಂದರೆ ಜನಕ್ಕೆ ಗುರುತು ಸಿಗಲೆಂದು ಪ್ರತಿಯನ್ನು ಶಿಕಾರಿಪುರದ ಕಡೆಗೂ ಕಳಿಸಲಾಯಿತು.

ವಿಮಾನದ ಮೂತಿಗೆ ಗಂಟೆ ಕಟ್ಟಿ, ಗಡುವಿನ ಕೊನೆಯ ದಿನ ಮೂರನೆಯ ಸಲ ಹಾರಿದ ಮೇಷ್ಟ್ರು ಶಿಕಾರಿಪುರದಾಚೆ, ಮೆಕ್ಕೆಜೋಳ ಕೊಯ್ದ ಹೊಲದಲ್ಲಿ ಇಳಿದರು. ಹೊಲದೊಡತಿ ಬಂಗಾರಮ್ಮ ಸೆರಗು ಸಿಗಿಸಿಕೊಂಡು ಬಂದಳು.

"ಯಾರದ್ರೀ ಈ ಕೊಟ್ಟಿಗಿ? ಕಂಡೋರ ಹೊಲಕ್ಕ ಬಿಡಾಕ ನಾಚ್ಕಿ ಆಗಂಗಿಲ್ಲೇನ್ರೀ?"

"ತಾಯೀ, ಒಂದು ಕಡ್ಡಿ ಮುಟ್ಟಿಲ್ಲ."

"ಅದನ್ನ ದೊಡ್ಡಿಯಾಗ ಹೇಳ್ರಿ!"

ನಾಲ್ಕು ಜನ ನೂಕಿಕೊಂಡು ಹೋಗಿ, ಬೀಡಾಡಿ ದನಗಳನ್ನು ಕೂಡುವ ದೊಡ್ಡಿಯಲ್ಲಿ ಎರಡು ಹೋರಿಗಳ ನಡುವೆ ವಿಮಾನವನ್ನು ಕಟ್ಟಿದರು. ದಂಡ ತೆತ್ತ ಮೇಲೆ ರಸೀದಿ ಸಿಕ್ಕಿತು: "ಬೀಡಾಡಿ ಕೊಟ್ಟಿಗೆ ಒಂದು. ಬಣ್ಣ ಬಿಳಿ. ಇಳಿದದ್ದು ಬುಧವಾರ ಹತ್ತೂವರೆಗೆ. ಹಾಯುವುದಿಲ್ಲ."

ಲೈಸೆನ್ಸಿನವರು ಊರವರ ಸಹಿಗಳನ್ನು ಅರೆಮನಸ್ಸಿನಿಂದ ನೋಡಿ, ರಸೀದಿ ಕಂಡದ್ದೇ ತಡ ಎದ್ದು ನಿಂತರು. ಸ್ಥಳ, ಸಮಯ, ಮೊಹರು, ಎಲ್ಲ ಇತ್ತು. ಲೈಸೆನ್ಸ್ ನವೀಕರಣವಾಯಿತು, ಮುಂದಿನ ಸಲದಿಂದ ಮೂರೂ ಇಳಿತಕ್ಕೆ ದೊಡ್ಡಿ ರಸೀದಿಯೇ ಕಡ್ಡಾಯವೆಂದು ಸುತ್ತೋಲೆಯೂ ಹೊರಟಿತು.

ಈಗ ಬಂಗಾರಮ್ಮ ಹಗ್ಗ ತಯಾರಿಟ್ಟುಕೊಂಡೇ ಇರುತ್ತಾಳೆ. ಮೊದಲು ಕಾಫಿ, ಆಮೇಲೆ ಬೈಗುಳ. ಲೋಕಮ್ಮನಂತೂ ಮೇಷ್ಟ್ರು ಹೊರಟಾಗಲೆಲ್ಲ ಹಿಂದಿನ ಸೀಟಿಗೆ ಒಂದು ಹೊರೆ ಹುಲ್ಲು ತುಂಬುತ್ತಾರೆ. ದೊಡ್ಡಿಯಿಂದ ಬಿಡಿಸಿಕೊಳ್ಳುವುದಕ್ಕೆ ಎಷ್ಟು ಹೊತ್ತಾಗುತ್ತದೋ, ಅಲ್ಲಿಯವರೆಗೆ ಕೊಟ್ಟಿಗೆ ಉಪವಾಸ ಇರಬಾರದಲ್ಲ.