ಮಗ್ಗ ನಿಲ್ಲಿಸಿದ ವೈದ್ಯ

ಇಂದು ಮುಂಜಾನೆ ನನ್ನ ಮೊಮ್ಮಗಳು ಗಂಗವ್ವ "ಅಜ್ಜಾ, ಹಸಿವಿ ಆಗೇತಿ" ಅಂದಳು! ಆರು ವರ್ಷದ ಹುಡುಗಿಗೆ ಹಸಿವೆಯಾಗುವುದು ಏನು ದೊಡ್ಡ ಸುದ್ದಿ ಅನ್ನಬೇಡಿ. ಗಜೇಂದ್ರಗಡದ ನಮ್ಮ ಓಣಿಗೆಲ್ಲ ಹೇಳಿ, ಸಾಲದೆ ಸಂತೆಗೆ ಹೊರಟಿದ್ದ ಗುರುತಿಲ್ಲದ ಮನುಷ್ಯನನ್ನೂ ನಿಲ್ಲಿಸಿ ಹೇಳಿದೆ. ಪಾಪ, ಅವನು ನಾನು ಊಟ ಕೇಳುತ್ತಿದ್ದೇನೆಂದು ತಿಳಿದು ಬುತ್ತಿ ಬಿಚ್ಚತೊಡಗಿದ.

ಮಗುವಿಗೆ ಎರಡು ವಾರ ಜ್ವರ. ಬಿಟ್ಟ ಮೇಲೆ ದವಾಖಾನೆಯ ಡಾಕ್ಟರು, "ಅಂಟೂ ಜಡ್ಡಲ್ಲ, ಅಂಜಬ್ಯಾಡ್ರಿ. ಸ್ವಲ್ಪ ವಿಶ್ರಾಂತಿ ಕೊಡ್ರಿ" ಅಂದರು. ನಾನು ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವನು. ದೊಡ್ಡವರು ಒಂದು ಮಾತು ಹೇಳಿದರೆ ಹತ್ತು ನಾನೇ ಸೇರಿಸಿಕೊಳ್ಳುತ್ತೇನೆ. ಯಾರೂ ಒಳಗೆ ಬರಕೂಡದು, ಮಾತಾಡಕೂಡದು ಎಂದು ಅಪ್ಪಣೆ ಮಾಡಿದೆ. ನನ್ನ ಮಗ್ಗ, ಮಗನ ಮಗ್ಗ ಎರಡನ್ನೂ ನಿಲ್ಲಿಸಿದೆ. ದಿನಾ ನಮ್ಮ ಪಡಸಾಲೆಯಲ್ಲಿ ಕೂತು ರಾಟೆಯ ಮೇಲೆ ನೂಲು ಸುತ್ತುವ ಪಕ್ಕದ ಮನೆಯ ನೀಲವ್ವನನ್ನೂ ಬಾಗಿಲಿನಿಂದಲೇ ತಿರುಗಿಸಿ ಕಳಿಸಿದೆ.

ಆದರೆ ಮಗು ದಿನದಿನಕ್ಕೆ ಬಾಡಿತು. ಗಂಜಿ ಕೊಟ್ಟರೆ ಗೋಡೆ ಕಡೆ ಹೊರಳುವಳು. ನನಗೂ ರೊಟ್ಟಿ ಸೇರದಾಯಿತು. ಗಳಿಗೆಗೊಮ್ಮೆ ಅವಳ ಕೈ ಹಿಡಿದು ನಾಡಿ ನೋಡುತ್ತಿದ್ದೆ. ನಾಡಿ ಎಲ್ಲಿರುತ್ತದೆಂದು ನನಗೆ ಗೊತ್ತಿಲ್ಲ. ಅದು ಸಿಗದಾಗಲೆಲ್ಲ ಜೀವ ಹಾರುತ್ತಿತ್ತು. "ಹಿಡದು ಹಿಡದು ಕೂಸಿನ ಕೈ ಸವಿಸ್ತೀರೇನು?" ಎಂದಳು ಹೆಂಡತಿ.

ನಿನ್ನೆ ಮಧ್ಯಾಹ್ನ ನೀಲವ್ವ ತಾಳಲಾರದೆ ಬಂದಳು. "ಸರೀರಿ ಮಾವಾ, ಬಾಗಲಾ ಕಾಯಾಕ ನೀವೇನ ಕ್ವಾಟಿ ಸಿಪಾಯಿ ಏನ್ರಿ?" ಎಂದು ನನ್ನನ್ನು ದಾಟಿ ನಡೆದಳು. ಮಗು ಅವಳ ಕಿವಿಯಲ್ಲಿ ಏನೋ ಕೇಳಿತು. ನೀಲವ್ವನ ಕಣ್ಣು ತುಂಬಿತು.

"ಮಾವಾ, ಅಮಾಸಿ ಇಲ್ಲ, ಮತ್ತ ಮಗ್ಗ ಯಾಕ ನಿಂತಾವು, ನಾ ಸಾಯ್ತೀನೇನು ಅಂತ ಕೇಳಾಕತ್ತಾಳ್ರಿ!"

ನೇಕಾರರ ಮನೆಯಲ್ಲಿ ಮಗ್ಗ ನಿಲ್ಲುವುದು ಅಮಾವಾಸ್ಯೆಗೆ, ಇಲ್ಲವೆ ಸಾವಿಗೆ. ಮಗುವಿಗೆ ತಿಳಿದದ್ದು ಮುದುಕನಿಗೆ ಹೊಳೆಯಲಿಲ್ಲ. ಓಡಿಹೋಗಿ ಮಗ್ಗದ ಕೆಳಗಿನ ಕುಣಿಗೆ ಇಳಿದು ನೇಯತೊಡಗಿದೆ. ಅವಸರಕ್ಕೆ ಮೂರು ಸಲ ಎಳೆ ಹರಿಯಿತು; ಆದರೂ ಖಟಕ್ ಖಟಕ್ ಎಂದು ಸದ್ದು ಎದ್ದಿತು. ಅದನ್ನು ಕೇಳಿ ಓಣಿಯ ಹೆಂಗಸರೆಲ್ಲ ಬಂದರು. ಅವರ ಗದ್ದಲದ ನಡುವೆ, ನೀಲವ್ವನ ತೊಡೆಯ ಮೇಲೆ, ಗಂಗವ್ವ ಗಾಢವಾಗಿ ನಿದ್ದೆಹೋದಳು.

ಇವತ್ತು ಡಾಕ್ಟರಿಗೆ ಎಲ್ಲ ಒಪ್ಪಿಸಿದೆ. ಅವರು ನಕ್ಕು, "ಯಜಮಾನ್ರ, ಔಷಧ ಅರ್ಧಾ ಕೆಲಸ ಮಾಡತೈತ್ರಿ. ನಮ್ಮವರು ಸುತ್ತ ಅದಾರ ಅಂತ ಧೈರ್ಯ ಬಂದ್ರ, ಮೈ ತಾನ ಜಡ್ಡಿನ ಜೋಡಿ ಗುದ್ದ್ಯಾಡತೈತಿ" ಅಂದರು.

ಸಂಜೆ ಮಗ, ಸೊಸೆ, ಹೆಂಡತಿ, ನೀಲವ್ವ ಎಲ್ಲರೂ ಸುತ್ತುಗಟ್ಟಿ ಉಣ್ಣಲು ಕೂತೆವು. ಗಂಗವ್ವನ ಮುಂದೆ ಮಿದುವಾದ ಅನ್ನ, ಹೆಸರುಬೇಳೆಯ ತಿಳಿ. ನನಗೆ ಮತ್ತೆ ಪುಕಪುಕ. ಮೆಲ್ಲಗೆ ಅವಳ ಮಣಿಕಟ್ಟು ಹಿಡಿದೆ.

"ಅಜ್ಜಾ, ಕೈ ಬಿಡು. ನಾ ಉಣಬೇಕು."

ಬಿಟ್ಟೆ. ಎಲ್ಲರೂ ನಕ್ಕರು. ಕೈಗೆ ಬೇರೆ ಕೆಲಸ ತೋಚದೆ ಮೂರನೆಯ ರೊಟ್ಟಿ ಮುರಿಯುತ್ತಿದ್ದಾಗ ಹೆಂಡತಿ ನೀಲವ್ವನಿಗೆ ಹೇಳಿದಳು: "ನೋಡವಾ, ದೊಡ್ಡ ಕೂಸಿನ ಜಡ್ಡೂ ಇವತ್ತ ಬಿಡ್ತು."