ಹಿಮ್ಮಡಿಯ ರಕ್ತ, ನಾಲ್ಕು ಮೂಲೆಯ ಅರಿಶಿನ

ಸಿಟ್ಟನ್ನ ನಾನು ಹುಡುಕಿಕೊಂಡು ಹೋಗೋನಲ್ಲ. ಅದೇ ನಮ್ಮ ಮನೆ ಅಡ್ರೆಸ್ಸು ವಿಚಾರಿಸಿಕೊಂಡು ಬರುತ್ತೆ, ವಾರಕ್ಕೆರಡು ಸಲ. ಮೈಸೂರಿನಲ್ಲಿ ನಲವತ್ತು ವರ್ಷ ಟಾಂಗಾ ಹೊಡೆದವನು ನಾನು. ಒಮ್ಮೆ ನನ್ನ ಒಂದು ಕೂಗಿಗೆ ಅಶೋಕಪುರಂ ಹತ್ತಿರ ರೈಲೇ ನಿಂತಿತ್ತು. ಸ್ಕೂಲಿನ ಮುಖ ಕಂಡಿಲ್ಲ, ಅದಕ್ಕೇ ನಾನು ಹೇಳ್ತೀನಿ, ಮಗಳು ಬರ್ಕೋತಾಳೆ. "ಅಪ್ಪಾ, ಆ ರೈಲು ಸ್ಟೇಷನ್ ಬಂತು ಅಂತ ನಿಂತಿದ್ದು" ಅಂತ ಈಗಲೇ ತಕರಾರು ತೆಗೆದಿದ್ದಾಳೆ. ಸುಮ್ನೆ ಬರಿಯಮ್ಮ ಅಂದಿದ್ದೀನಿ.

ಇವಳ ಮೊದಲನೇ ಮಗು ಐದು ತಿಂಗಳಿಗೇ ಹೋಗ್ಬುಡ್ತು. ಹುಟ್ಟಿದಾಗ ಗುಂಡಗೆ ಇತ್ತು. ಆಮೇಲೆ ಬಾಯಲ್ಲಿ ಬಿಳಿ ಹುಣ್ಣು, ನಿಲ್ಲದ ಭೇದಿ, ಕೆಮ್ಮು. ಒಬ್ಬರು ದೃಷ್ಟಿ ಅಂದ್ರು, ಒಬ್ಬರು ಹಲ್ಲು ಬರ್ತಿದೆ ಅಂದ್ರು. ಹೋದಮೇಲೆ ಗೊತ್ತಾಯ್ತು ಅದು ಹುಟ್ಟಿನಿಂದಲೇ ಬಂದ ಕಾಯಿಲೆ ಅಂತ. ಈಗ ಎರಡನೇದು ಹುಟ್ಟಿದೆ, ಇದೂ ಗಂಡು. ನಾನು ಹೇಳೋದೆಲ್ಲ ಈ ಎರಡನೇ ಮಗು ಹುಟ್ಟಿದ ಮೊದಲ ತಿಂಗಳ ಸಂಗತಿ.

೧. ಒಂದೇ ರಕ್ತ ತಾನೆ

ಆಸ್ಪತ್ರೆಯಲ್ಲಿ ಮೂರನೇ ದಿನ ನರ್ಸಮ್ಮ ಬಂದು, "ತಾತ, ಮಗು ಹಿಮ್ಮಡಿ ಚುಚ್ಚಬೇಕು, ಸ್ವಲ್ಪ ಸರೀರಿ" ಅಂದ್ರು.

"ಯಾಕಮ್ಮ, ಏನು ತಪ್ಪು ಮಾಡಿದೆ ಅದು?"

"ಟೆಸ್ಟಿಗೆ ನಾಲ್ಕೈದು ತೊಟ್ಟು ರಕ್ತ ಬೇಕು."

"ರಕ್ತ ಬೇಕಾದ್ರೆ ನನ್ನದು ತಗೊಳ್ಳಿ. ಕುದುರೆ ಎದೆಗೆ ಒದ್ದಾಗಲೂ ಅಯ್ಯೋ ಅನ್ನದ ಮೈ ಇದು. ಅಜ್ಜ ಮೊಮ್ಮಗ, ಒಂದೇ ರಕ್ತ ತಾನೆ?"

ನನ್ನ ಗಂಟಲು ಕೇಳಿ ಮಕ್ಕಳ ಡಾಕ್ಟರಮ್ಮ ಓಡಿ ಬಂದ್ರು. ಕೂರಿಸಿಕೊಂಡು ಹೇಳಿದ್ರು: ಕೆಲವು ಮಕ್ಕಳ ಮೈಯಲ್ಲಿ ರೋಗದ ಜೊತೆ ಗುದ್ದಾಡೋ ಸೈನ್ಯವೇ ಇರಲ್ಲ. ನೋಡೋಕೆ ಚೆನ್ನಾಗೇ ಇರ್ತವೆ. ಕೆಮ್ಮು ಜ್ವರ ಶುರುವಾಗೋ ಮೊದಲೇ ಗೊತ್ತಾದ್ರೆ ಉಳಿಸಿಕೊಳ್ಳೋ ದಾರಿ ಇದೆ. ಅಣ್ಣನಿಗೆ ಹಾಗಾಗಿರೋದ್ರಿಂದ ಇವನ ಕೈಯಿಂದಲೂ ರಕ್ತ ತೆಗೀತೀವಿ, ಎರಡು ರಿಪೋರ್ಟೂ ಬರೋ ತನಕ ಹುಟ್ಟಿದ ಮಕ್ಕಳಿಗೆ ತೋಳಿಗೆ ಹಾಕೋ ಲಸಿಕೆ ಬೇಡ, ಅಂಥ ಮಗುವಿಗೆ ಅದೇ ಮುಳುವಾಗುತ್ತೆ.

ನನಗೆ ತಲೆ ಕಾದುಹೋಯ್ತು. "ಮೊದಲನೇದು ಹುಟ್ಟಿದಾಗ ಎಲ್ಲಿತ್ತು ತಾಯಿ ನಿಮ್ಮ ಈ ಟೆಸ್ಟು?"

"ಇತ್ತು ತಾತ. ಎಲ್ಲ ಕಡೆ ಮಾಡಲ್ಲ. ಕೇಳಿದವರಿಗೆ ಮಾಡ್ತಾರೆ."

"ಇದೆ ಅಂತಾನೇ ಗೊತ್ತಿಲ್ಲದವನು ಹೆಂಗಮ್ಮ ಕೇಳ್ತಾನೆ? ಅಂಗಡಿಗೆ ಹೋದ್ರೆ ಬೇಡದ ಸೋಪನ್ನೂ ತೋರಿಸ್ತಾರೆ. ಇಷ್ಟು ದೊಡ್ಡ ವಿಷಯಾನ ಒಬ್ಬರಾದ್ರೂ ಬಾಯಿಬಿಟ್ಟು ಹೇಳಬಾರದಾ?"

"ಹೇಳಬೇಕಿತ್ತು ತಾತ" ಅಂದ್ರು ಡಾಕ್ಟರಮ್ಮ. ನಾನು ಸರಿದು ಕೂತೆ. ಚುಚ್ಚಿದ್ರು, ಮಗು ಅರ್ಧ ನಿಮಿಷ ಅತ್ತು ಸುಮ್ಮನಾಯ್ತು. ಸೂಜಿ ಡಬ್ಬಿ ಹೇಗೂ ಕೈಲಿತ್ತು ಅಂತ ನರ್ಸಮ್ಮ ಇನ್ನೊಂದು ಹೊಸಾದು ತೆಗೆದು ನನ್ನ ಬೆರಳಿಗೂ ಚುಚ್ಚಿ ಸಕ್ಕರೆ ಕಾಯಿಲೆ ನೋಡಿದ್ರು. ಆಮೇಲೆ ನನ್ನನ್ನ ಬೆಂಚಿನ ಮೇಲೆ ಮಲಗಿಸಿ ಹತ್ತು ನಿಮಿಷ ಗಾಳಿ ಬೀಸಿದರಂತೆ. ನನಗೆ ಹಿಂದಿನ ದಿನದಿಂದ ನಿದ್ದೆ ಇರಲಿಲ್ಲ, ಅದಕ್ಕೆ.

೨. ಕಾವಲು

ಆ ರಕ್ತವನ್ನ ಒಂದು ದಪ್ಪ ಕಾರ್ಡಿನ ಮೇಲೆ ಐದು ದುಂಡನೆ ಗೆರೆಗಳೊಳಗೆ ತೊಟ್ಟಿಕ್ಕಿಸಿದ್ದರು. "ಮೂರು ಗಂಟೆ ಒಣಗಬೇಕು, ಆಮೇಲೆ ಕೊರಿಯರಿನಲ್ಲಿ ಲ್ಯಾಬಿಗೆ ಹೋಗುತ್ತೆ. ಯಾರೂ ಮುಟ್ಟಬೇಡಿ" ಅಂತ ಮೇಜಿನ ಮೇಲಿಟ್ಟರು.

"ನೀವು ಹೋಗಿ ನರ್ಸಮ್ಮ. ನಾನು ಹುರುಳಿ ಒಣಹಾಕಿ ಕೂತ್ರೆ ಗುಬ್ಬಿ ಪಕ್ಕದ ಬೀದಿಯಲ್ಲಿ ಹಾರ್ತಿತ್ತು" ಅಂದೆ.

ಅಷ್ಟರಲ್ಲಿ ಹಿನಕಲ್ಲಿನಿಂದ ಬೀಗಿತ್ತಿ ಬಂದ್ರು, ಅಳಿಯನ ತಾಯಿ. ನನ್ನ ಹೆಂಡತಿ ಇಲ್ಲ, ಬಾಣಂತನಕ್ಕೆ ಅವರೇ ನಿಂತಿದ್ರು. ಒಳ್ಳೆ ಹೆಂಗಸು, ಆದರೆ ಹೊಸ ಕಾಗದ ಕಂಡ್ರೆ ಕೈ ಸುಮ್ಮನಿರಲ್ಲ. ಮದುವೆ ಪತ್ರಿಕೆಯಾಗಲಿ, ಕರೆಂಟ್ ಬಿಲ್ಲಾಗಲಿ, ನಾಲ್ಕು ಮೂಲೆಗೂ ಅರಿಶಿನ ಹಚ್ಚಬೇಕು. ಅರಿಶಿನದ ಭರಣಿ ಬ್ಯಾಗಿನಲ್ಲೇ ಇರುತ್ತೆ.

"ಮಗು ಹೆಸರಲ್ಲಿ ಬಂದ ಮೊದಲನೇ ಕಾಗದ ಅಲ್ವಾ ಬೀಗರೇ, ಬರಿದು ಇಡಬಾರದು" ಅಂತ ನೀರಲ್ಲಿ ಕಲಸಿ ಹಚ್ಚೇಬಿಟ್ಟರು.

ನರ್ಸಮ್ಮ ಬಂದು ನೋಡಿದ್ರೆ ಅರಿಶಿನದ ನೀರು ರಕ್ತದ ಗೆರೆಯೊಳಗೆ ಇಳಿದಿತ್ತು. "ಇದು ಕೆಲಸಕ್ಕೆ ಬರಲ್ಲ. ಇನ್ನೊಂದು ಹಿಮ್ಮಡಿ ಚುಚ್ಚಬೇಕು."

ನಾನು ಆಸ್ಪತ್ರೆ ಹಾರಿಹೋಗೋ ಹಾಗೆ ಬೀಗಿತ್ತಿ ಮೇಲೆ ಕೂಗಾಡಿದೆ. ಬುದ್ಧಿ ಇದೆಯಾ, ಇದೇನು ಲಗ್ನಪತ್ರಿಕೆಯಾ, ಆ ಕಂದನಿಗೆ ಎರಡು ಸಲ ಚುಚ್ಚಿಸಿದಿರಲ್ಲ ಅಂತ. ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರೇ ವಿನಾ ಒಂದು ಮಾತು ತಿರುಗಿ ಆಡಲಿಲ್ಲ. ಆಡಬಹುದಿತ್ತು. ನಾಲ್ಕನೇ ಮೂಲೆ ಅವರ ಕೈಗೆ ಎಟುಕದೇ ಇದ್ದಾಗ ಕಾರ್ಡು ತಿರುಗಿಸಿ ಕೊಟ್ಟವನು ನಾನೇ.

೩. ಒಳಗೆ ಹಾವು

ಮನೆಗೆ ಹೋದಮೇಲೂ ರಿಪೋರ್ಟ್ ಬರೋ ತನಕ ಮಗು ಹತ್ತಿರ ಹೊರಗಿನವರು ಸುಳಿಯೋ ಹಾಗಿಲ್ಲ ಅಂದಿದ್ರು ಡಾಕ್ಟರಮ್ಮ. ನನಗೆ ಆಗ ಕೆಮ್ಮು. ಮಗಳು ನನ್ನನ್ನೂ ಬಾಗಿಲಾಚೆ ತಳ್ಳಿದಳು. ಸರಿ, ಜಗುಲಿ ಮೇಲೆ ಚಾಪೆ ಹಾಸಿಕೊಂಡು ಪಹರೆಗೆ ಕೂತೆ.

ನಮ್ಮ ಬೀದಿ ಜನಕ್ಕೆ ಮಗು ಹುಟ್ಟಿದೆ ಅಂದ್ರೆ ಸಾಕು, ಮೂಗು ಸೋರಿಸಿಕೊಂಡಾದ್ರೂ ಬಂದು ಕೆನ್ನೆ ಹಿಂಡಬೇಕು. ಎದುರು ಮನೆಯಾಕೆ ಮೂರು ಸಲ ಬಂದ್ರು. "ನೆಗಡಿ ಅಷ್ಟೇ ಕಣ್ರೀ, ಮುಖ ನೋಡ್ಕೊಂಡು ಬಂದ್ಬುಡ್ತೀನಿ."

ಮಗುವಿನ ಅಣ್ಣನ ಕಥೆ ಹೇಳೋಕೆ ಬಾಯಿ ಬರಲಿಲ್ಲ. ರೇಗಿ, "ಒಳಗೆ ನಾಗರಹಾವು ನುಗ್ಗಿದೆ, ಕಂಬದಷ್ಟು ದಪ್ಪ. ಬೇಕಾದ್ರೆ ಹೋಗಿ" ಅಂದುಬುಟ್ಟೆ.

ಅರ್ಧ ಗಂಟೆಯಲ್ಲಿ ಇಡೀ ಬೀದಿ ನಮ್ಮ ಗೇಟಿನಲ್ಲಿತ್ತು. ಆಕೆ ಹಾವು ಹಿಡಿಯೋರಿಗೂ ಫೋನ್ ಮಾಡಿದ್ರು. ಅವರು ಕೋಲು, ಚೀಲ ತಗೊಂಡು ಬಂದು, "ಎಲ್ಲಿ ಯಜಮಾನ್ರೇ?" ಅಂದ್ರು. ಮೂಲೆಗೆ ಕರೆದುಕೊಂಡು ಹೋಗಿ ನಿಜ ಹೇಳಿದೆ. ಆ ಪುಣ್ಯಾತ್ಮ ಜನದ ಕಡೆ ತಿರುಗಿ ಹೇಳಿದ್ರು: "ಇದೆ. ಗೋಡೆ ಸಂದಿಯಲ್ಲಿ ಕೂತಿದೆ. ಹದಿನೈದು ದಿನ ಯಾರೂ ಈ ಕಡೆ ಬರಬೇಡಿ."

ನಾನು ಜೀವಮಾನವೆಲ್ಲ ಸುಳ್ಳು ಹೇಳಿದೀನಿ, ಒಬ್ಬರೂ ನಂಬಿಲ್ಲ. ಆತ ಒಂದೇ ಒಂದು ಹೇಳಿದ, ಬೀದಿ ಖಾಲಿ. ಹೊಟ್ಟೆ ಉರೀತು.

೪. ನಾಲ್ಕನೇ ಮೂಲೆ

ಮಗು ಹುಟ್ಟಿದ ಹದಿನೇಳನೇ ದಿನ ಬೆಳಿಗ್ಗೆ ಮಗಳು ಫೋನ್ ಹಿಡಿದು ಬಾಗಿಲಿಗೆ ಬಂದಳು. ನಾನು ಬೈಯೋದಕ್ಕೆ ರೆಡಿಯಾಗೇ ಇದ್ದೆ. ಯಾರನ್ನ ಅಂತ ಮಾತ್ರ ಗೊತ್ತಿರಲಿಲ್ಲ. ಡಾಕ್ಟರನ್ನಾ, ದೇವರನ್ನಾ, ಐದು ತಿಂಗಳು ದೃಷ್ಟಿ ತೆಗೆಸ್ತಾ ಕೂತಿದ್ದ ನನ್ನನ್ನೇನಾ.

"ಅಪ್ಪಾ, ಎರಡೂ ರಿಪೋರ್ಟ್ ಫೋನಿಗೇ ಬಂದಿದೆ. ಡಾಕ್ಟರ್ ಹತ್ರ ಮಾತಾಡಿದೆ. ಇವನಿಗೆ ಏನೂ ಇಲ್ಲವಂತೆ. ಲಸಿಕೆ ಹಾಕಿಸೋಕೆ ಬನ್ನಿ ಅಂದ್ರು."

ಅಷ್ಟು ಹೇಳಿ ಬಾಗಿಲಲ್ಲೇ ಕುಸಿದು ಕೂತು, ಮೊದಲನೇ ಮಗುವಿನ ಹೆಸರು ಹಿಡಿದು ಅತ್ತಳು. ನಾನು ಬೈಯೋದು ಬಿಟ್ಟು, ಚಾಪೆ ಎಳೆದುಕೊಂಡು ಅವಳ ಪಕ್ಕ ಕೂತೆ.

ಬೀಗಿತ್ತಿ ಒಳಗಿಂದ ಬಂದ್ರು. "ಕಾಗದ ಎಲ್ಲಮ್ಮ?"

"ಕಾಗದ ಇಲ್ಲ ಅತ್ತೆ, ಇದರಲ್ಲೇ ಇದೆ."

ಬೀಗಿತ್ತಿ ಆ ಫೋನನ್ನ ಸೊಸೆ ಕೈಯಿಂದ ತಗೊಂಡು ಮಣೆ ಮೇಲಿಟ್ಟರು. ಭರಣಿ ತೆಗೆದರು. ಬೆರಳನ್ನ ಅರಿಶಿನದಲ್ಲಿ ಅದ್ದಿ, ಆಸ್ಪತ್ರೆಯ ಬೈಗುಳ ನೆನಪಾಯಿತೋ ಏನೋ, ನನ್ನ ಮುಖ ನೋಡಿದ್ರು. ಒಂದು ಮೂಲೆಗೆ ಹಚ್ಚಿದ್ರು. ಎರಡು. ಮೂರು. ಫೋನಿನ ಮುಖ ಹಳದಿಯಾಗಿ, ಅದು ತನ್ನಷ್ಟಕ್ಕೆ ಯಾರಿಗೋ ಕರೆ ಮಾಡೋಕೆ ಶುರುಮಾಡ್ತು. ಆ ಕಡೆಯಿಂದ ಡಾಕ್ಟರಮ್ಮನ ಗಂಟಲು: "ಹಲೋ? ಏನಾಯ್ತು? ಮಗು ಹೇಗಿದೆ?"

"ಮಗು ಚೆನ್ನಾಗಿದೆ ತಾಯಿ" ಅಂದೆ. "ಒಂದು ನಿಮಿಷ ತಡೀರಿ, ಇನ್ನೊಂದು ಮೂಲೆ ಬಾಕಿ ಇದೆ."

ಫೋನನ್ನ ತಿರುಗಿಸಿ ಕೊಟ್ಟೆ.