ರೂಟ್ ಕೆನಾಲಿಗೆ ಬಂದವರಿಗೆ ಕೆನಡಾ ಉಚಿತ!

"ದಿನಕ್ಕೊಂದು ಸಂತೋಷವನ್ನು ಲೋಕಕ್ಕೆ ಹಂಚಿಯೇ ತೀರುತ್ತೇನೆ!"

ಐವತ್ತು ತುಂಬಿದ ಬೆಳಿಗ್ಗೆ ಹಲ್ಲಿನ ಡಾಕ್ಟರು ಕನ್ನಡಿಯ ಮುಂದೆ ಟೂತ್‌ಬ್ರಷ್ ಎತ್ತಿ ಹಿಡಿದು ಘೋರ ಪ್ರತಿಜ್ಞೆ ಮಾಡಿದರು. ಮೊದಲ ವಾರ ಲೋಕ ಹೇಗೋ ತಡೆದುಕೊಂಡಿತು. ಕಳೆದುಹೋಗಿದ್ದ ಕಾಲುಚೀಲ ಸಿಕ್ಕಿದ್ದು, ಕುಂಡದ ಗಿಡ ಚಿಗುರಿದ್ದು, ಲಿಫ್ಟು ಸತತ ಮೂರು ದಿನ ಕೆಡದೆ ಓಡಿದ್ದು, ಎಲ್ಲ ಸುದ್ದಿಯೂ ಪಕ್ಕದ ಮನೆಯವರಿಗೆ ತಲುಪಿತು. ಎರಡನೆಯ ವಾರ ಡಾಕ್ಟರನ್ನು ಕಂಡರೆ ಅವರು ಲಿಫ್ಟು ಬಿಟ್ಟು ಮೆಟ್ಟಿಲು ಹಿಡಿದರು.

ಅಷ್ಟರಲ್ಲಿ ಮನೆಗೆ ಕೆನಡಾ ಬಂತು!

ಲೈಬ್ರರಿಯಿಂದ ತಂದ ಆರುನೂರು ಪುಟದ ಕೆನಡಾ ಕಾದಂಬರಿ. ಹೆಪ್ಪುಗಟ್ಟಿದ ಸರೋವರದ ಮೇಲೆ ನಾಯಿಗಳು ಎಳೆಯುವ ಜಾರುಬಂಡಿಯಲ್ಲಿ ಊರೂರಿಗೆ ಕಾಗದ ಹಂಚುವ ಹುಡುಗಿಯ ಕಥೆ. ಈ ಗಂಡ ಹೆಂಡತಿ ಇಪ್ಪತ್ತು ವರ್ಷದಿಂದ ಒಂದೇ ಪ್ರತಿಯಲ್ಲಿ ಎರಡು ಗುರುತುಚೀಟಿ ಇಟ್ಟು ಓದುವವರು. ಇಬ್ಬರೂ ಮುಗಿಸಿದ ಮೇಲೆ ವಾರವಿಡೀ ಜಗಳ! ಅವರ ಸಂಸಾರದ ಸುಖವೇ ಆ ಜಗಳ. ಡಾಕ್ಟರು ನಾಗಾಲೋಟದಲ್ಲಿ ಓದಿ ಮುಗಿಸಿದರು. ಹೆಂಡತಿ ಅಂಚೆ ಕಚೇರಿಯ ಕೌಂಟರಿನವರು. ಪುಟಪುಟಕ್ಕೂ ಮುದ್ರೆ ಒತ್ತುವಂತೆ ನಿಧಾನವಾಗಿ ಓದುತ್ತಿದ್ದರು.

"ಇವತ್ತಿನ ಸಂತೋಷ ಏನ್ ಗೊತ್ತಾ? ಕೊನೇಲಿ ಆ ಹುಡುಗಿ..."

"ರೀ! ಒಂದಕ್ಷರ ಮುಂದೆ ಹೋದ್ರೆ ನೋಡಿ! ಅವಳು ನಮ್ಮ ಇಲಾಖೆಯವಳು. ಅವಳಿಗೇನಾಗುತ್ತೆ ಅಂತ ನಾನೇ ಓದಿ ತಿಳ್ಕೋತೀನಿ."

"ಒಂದೇ ಒಂದು ಸುಳಿವು ಕಣೇ."

"ಕೊಡಿ, ಧಾರಾಳವಾಗಿ ಕೊಡಿ. ಆಮೇಲೆ ನಿಮಗೊಂದು ಪುಸ್ತಕ, ನನಗೊಂದು ಪುಸ್ತಕ. ಜೊತೆಗೆ ಓದೋದು ಇವತ್ತಿಗೇ ಮುಗೀತು!"

ಡಾಕ್ಟರು ತುಟಿಗೆ ಬೀಗ ಹಾಕಿಕೊಂಡರು. ಆದರೆ ಸಂತೋಷ ಹೊಟ್ಟೆಯೊಳಗೆ ಕೊತಕೊತ ಕುದಿಯುತ್ತಿದೆಯಲ್ಲ! ಉಪಾಯ ಕ್ಲಿನಿಕ್ಕಿನ ಕುರ್ಚಿಯಲ್ಲೇ ಒರಗಿತ್ತು, ಒಬ್ಬ ದರ್ಜಿಯ ರೂಪದಲ್ಲಿ. ಬಾಯಿ ಮುಚ್ಚದಂತೆ ರಬ್ಬರಿನ ತುಂಡು ಸಿಕ್ಕಿಸಿದ ಕೂಡಲೇ ಡಾಕ್ಟರು ಕಥೆ ಶುರುಮಾಡಿದರು. ಬಾಯಿ ತೆರೆದವನು ರೋಗಿ, ಬಾಯಿಬಿಟ್ಟವರು ಡಾಕ್ಟರು! ಎಂಥ ಶ್ರೋತೃ! ಎದ್ದು ಹೋಗುವುದಿಲ್ಲ, ನಡುವೆ ಮಾತು ಹಾಕುವುದಿಲ್ಲ, ಆಕಳಿಸಿದರೂ ಗೊತ್ತಾಗುವುದಿಲ್ಲ! ತಿಂಗಳೊಳಗೆ ಹದಿನೇಳು ದವಡೆಗಳು ಆ ಸರೋವರ ದಾಟಿದವು. ರಬ್ಬರು ಸಿಕ್ಕಿಸಿದ್ದೇ ತಡ, ಕಥೆ ತಾನಾಗಿ ಹರಿಯುವಷ್ಟು ಅಭ್ಯಾಸವಾಯಿತು.

ಆಗ ಹೆಂಡತಿಗೆ ಹಲ್ಲುನೋವು ಬಂತು.

"ಇನ್ನು ನಲವತ್ತೇ ಪುಟ ಇದೆ ರೀ. ಬೇಗ ಸರಿಮಾಡಿ, ಮನೆಗೆ ಹೋಗಿ ಮುಗಿಸ್ತೀನಿ."

"ಹೂ ಎತ್ತಿದ ಹಾಗೆ ಮಾಡ್ತೀನಿ. ಎಲ್ಲಿ, ಬಾಯಿ ತೆಗಿ."

ದೀಪ ಹೊತ್ತಿತು. ರಬ್ಬರು ಕೂತಿತು. ಡಾಕ್ಟರ ಕಣ್ಣಿಗೆ ಹೆಂಡತಿ ಮಾಯವಾಗಿ ಕೆಳಗಿನ ಎಡದವಡೆಯೊಂದೇ ಉಳಿಯಿತು.

"ಮೊನ್ನೆ ಒಂದು ಕಾದಂಬರಿ ಓದಿದೆ ನೋಡಿ..." ಆರಂಭಿಸಿಯೇಬಿಟ್ಟರು!

"ಆಆ! ಆಆ!"

"ನೋವಾ? ತಡೀರಿ." ಇನ್ನೊಂದು ಇಂಜೆಕ್ಷನ್!

"ಊಂ! ಊಂಊಂ!" ಎರಡು ಕೈಗಳು ಗಾಳಿಯಲ್ಲಿ ಬಡಿದಾಡಿದವು.

"ಇಲ್ಲಿಗೆ ಬಂದಾಗ ಎಲ್ರಿಗೂ ಮೈ ಜುಮ್ಮೆನ್ನುತ್ತೆ! ಕೊನೇಲಿ ಮಂಜುಗಡ್ಡೆ ಬಿರಿಯುತ್ತೆ. ಬಂಡಿ, ನಾಯಿ, ಕಾಗದದ ಚೀಲ, ಆ ಹುಡುಗಿ, ಎಲ್ಲಾ ನೀರುಪಾಲು!"

ನರ್ಸು ಮೆಲ್ಲಗೆ ಕೆಮ್ಮಿದಳು. "ಸಾರ್... ಇವರು ನಮ್ಮ ಮೇಡಂ."

ಡಾಕ್ಟರ ಕೈಯಲ್ಲಿದ್ದ ಕನ್ನಡಿ ಠಣ್ಣೆಂದು ತಟ್ಟೆಗೆ ಬಿತ್ತು. ಎರಡೆರಡು ಇಂಜೆಕ್ಷನ್ನಿನ ಪುಣ್ಯ, ಹೆಂಡತಿಯ ಬಾಯಿಂದ ಬೈಗುಳ ಹೊರಡಲಿಲ್ಲ. ಔಷಧಿ ಚೀಟಿಯ ಮೇಲೆ ಬರೆದು ಮುಖಕ್ಕೆ ಹಿಡಿದರು: "ಇನ್ನು ನಿಮ್ಮ ಪುಸ್ತಕ ನಿಮಗೆ."

ಸಂಜೆ ಡಾಕ್ಟರು ಕಳ್ಳಹೆಜ್ಜೆಯಲ್ಲಿ ಮನೆಗೆ ಬಂದರೆ, ಹೆಂಡತಿ ಊದಿದ ಕೆನ್ನೆ ಹಿಡಿದುಕೊಂಡು ನಗುತ್ತಿದ್ದಾರೆ!

"ರೀ, ಅವಳು ಮುಳುಗಿದ ಮೇಲೆ ಒಂದು ಖಾಲಿ ಹಾಳೆ ಬರುತ್ತಲ್ಲ, ಅದರಾಚೆ ಏನಿದೆ?"

"ಏನಿರುತ್ತೆ? ಅವರಿಗೆ ನಮಸ್ಕಾರ, ಇವರಿಗೆ ಧನ್ಯವಾದ. ಅದನ್ನೆಲ್ಲ ಯಾರು ಓದ್ತಾರೆ?"

"ಮೂವತ್ತು ಪುಟ ಧನ್ಯವಾದಾನಾ?"

ಡಾಕ್ಟರ ಕಾಲ ಕೆಳಗೇ ಮಂಜುಗಡ್ಡೆ ಬಿರಿಯಿತು. "ಅಂದ್ರೆ... ಅವಳು ಬದುಕ್ತಾಳಾ? ಕೊಡು ಇತ್ಲಾಗೆ ಪುಸ್ತಕ!"

"ಲೈಬ್ರರಿಗೆ ವಾಪಸ್ ಕೊಟ್ಟಾಯ್ತು. ಹನ್ನೊಂದು ಜನ ಸರದಿಯಲ್ಲಿದ್ದಾರೆ. ಹನ್ನೆರಡನೆಯವರು ನೀವು. ಪೂರ್ತಿ ಓದಿ ಬನ್ನಿ, ಜಗಳಕ್ಕೆ ಕಾಯ್ತಿರ್ತೀನಿ."

ಅಬ್ಬಾ, ಜಗಳ ಉಳಿಯಿತು! ಡಾಕ್ಟರಿಗೆ ಹೋದ ಜೀವ ಬಂತು. ಆದರೆ ಕೊನೆ? ವಾರವಿಡೀ ಗೋಗರೆದರೂ ಹೆಂಡತಿ ಜಪ್ಪಯ್ಯ ಅನ್ನಲಿಲ್ಲ.

ಮುಂದಿನ ಸೋಮವಾರ ಹೆಂಡತಿ ಕ್ಲಿನಿಕ್ಕಿಗೆ ಹಲ್ಲು ತೋರಿಸಲು ಬಂದು, ಹೊರಗಿನ ಬೆಂಚಿನಲ್ಲಿ ಅರ್ಧ ಗಂಟೆ ಕೂತು ಹೋದರು. ಆಮೇಲೆ ಒಳಗೆ ಬಂದ ಪ್ರತಿ ರೋಗಿಯ ಮುಖದಲ್ಲೂ ಮುಸಿಮುಸಿ ನಗು! ಡಾಕ್ಟರು ದರ್ಜಿಯನ್ನು ಹಿಡಿದು ನಿಲ್ಲಿಸಿದರು.

"ಏನ್ರೀ ಅದು ನಗು?"

"ಮೇಡಂ ನಿಜವಾದ ಕೊನೆ ಹೇಳಿದ್ರು ಡಾಕ್ಟ್ರೇ. ಆ ಹುಡುಗಿ ಏನ್ ಮಾಡ್ತಾಳೆ ಅಂತೀರಿ, ಅಬ್ಬಬ್ಬಾ!"

"ಹೇಳಿ, ಹೇಳಿ! ನಿಮ್ಮ ಕಾಲಿಗೆ ಬೀಳ್ತೀನಿ!"

ಇಂಜೆಕ್ಷನ್ನಿನ ಸೂಜಿ ಇನ್ನೂ ಡಬ್ಬಿಯಲ್ಲೇ ಇತ್ತು. ದರ್ಜಿ ಕುರ್ಚಿಯಲ್ಲಿ ಆರಾಮಾಗಿ ಒರಗಿ, ಗಂಟೆ ಹೊಡೆದಷ್ಟು ಸ್ಪಷ್ಟವಾಗಿ ನುಡಿದ:

"ಮಾತಾಡಕ್ಕಾಗ್ತಿಲ್ಲ ಡಾಕ್ಟ್ರೇ. ಬಾಯಿ ಪೂರಾ ಮರಗಟ್ಟಿದೆ!"